ಸೂಲಿಬೆಲೆಯಲ್ಲಿ ಸೈಟು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ: ತಗೊಳ್ಳಬಹುದಾ?

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹೆಂಡತಿ ಜಯನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಬೊಮ್ಮನಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ಒಬ್ಬ ಬ್ರೋಕರ್ ಸೂಲಿಬೆಲೆ ಹತ್ತಿರ 30x40 ಅಡಿಯ ಒಂದು ಸೈಟು ತೋರಿಸಿದ್ದಾರೆ. ಪಕ್ಕದಲ್ಲೇ ಸ್ಯಾಟಲೈಟ್ ರಿಂಗ್ ರಸ್ತೆ ಇದೆ, ಮುಂದೆ ಹೊಸಕೋಟೆಗೆ ಮೆಟ್ರೊ ಬರುತ್ತೆ, ಈಗಲೇ ತಗೊಂಡು ಮನೆ ಕಟ್ಟಿಕೊಳ್ಳಿ ಅಂತಾರೆ. ಪಂಚಾಯಿತಿ ಖಾತೆ ಇದೆಯಂತೆ. ತಗೊಳ್ಳಬಹುದಾ? ಬ್ಯಾಂಕ್ ಸಾಲ ಸಿಗುತ್ತಾ? ಇನ್ನೊಂದು ಕೇಳಬೇಕು. ಇಷ್ಟು ದೊಡ್ಡ ಊರಲ್ಲಿ ಮನೆ ಎಲ್ಲಿ ಬರಬೇಕು, ಬಸ್ಸು ರೈಲು ಎಲ್ಲಿ ಓಡಬೇಕು ಅಂತ ಒಟ್ಟಿಗೆ ಯೋಚನೆ ಮಾಡೋರು ಯಾರೂ ಇಲ್ವಾ?

ಉತ್ತರ: ಸೈಟಿನ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಡಬಹುದು. ನೀವೇ ಹೋಗಿ ವಾಸ ಮಾಡುವುದಕ್ಕಾದರೆ ಬೇಡ. ಯಾಕೆ ಬೇಡ ಎಂದು ಹೇಳಲು ಹೊರಟರೆ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಬಂದುಬಿಡುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ದಿನಚರಿ ನೋಡೋಣ. ಸೂಲಿಬೆಲೆ ಇರುವುದು ಹೊಸಕೋಟೆಗೂ ಆಚೆ, ಬೆಂಗಳೂರಿನ ಈಶಾನ್ಯಕ್ಕೆ. ಎಲೆಕ್ಟ್ರಾನಿಕ್ ಸಿಟಿ ಇರುವುದು ದಕ್ಷಿಣದ ತುದಿಯಲ್ಲಿ. ನಕ್ಷೆ ತೆಗೆದು ಅಳೆದು ನೋಡಿ, ಒಂದು ಕಡೆಗೇ 50 ಕಿಲೋಮೀಟರಿಗೆ ಕಡಿಮೆ ಇಲ್ಲ. ಹೊಸಕೋಟೆ ಆಯಿತು, ವೈಟ್‌ಫೀಲ್ಡೋ ಕೆ.ಆರ್. ಪುರವೋ ಆಯಿತು, ಆಮೇಲೆ ಸರ್ಜಾಪುರ ರಸ್ತೆಯನ್ನೋ ಸಿಲ್ಕ್ ಬೋರ್ಡನ್ನೋ ದಾಟಬೇಕು. ಬೆಳಿಗ್ಗೆ ಒಂಬತ್ತಕ್ಕೆ ಈ ಹೆಸರುಗಳನ್ನು ಕೇಳಿದರೇ ಮೈ ಜುಮ್ಮೆನ್ನುತ್ತದೆ ಅಲ್ವಾ? ನಿಮ್ಮ ಹೆಂಡತಿಗೆ ರಾತ್ರಿ ಪಾಳಿಯೂ ಇರಬಹುದು. ಪಾಳಿ ಮುಗಿಸಿದವರು ಜಯನಗರದಿಂದ ಸೂಲಿಬೆಲೆ ಸೇರಬೇಕಾದರೆ ಎಷ್ಟು ಬಸ್ಸು ಬದಲಿಸಬೇಕು ಎಂದು ಇಬ್ಬರೂ ಕೂತು ಲೆಕ್ಕ ಹಾಕಿ.

ಬ್ರೋಕರ್ ಪೂರ್ತಿ ಸುಳ್ಳು ಹೇಳಿಲ್ಲ. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ನಿಜವಾಗಿಯೂ ಇದೆ. ಒಟ್ಟು ಸುಮಾರು 280 ಕಿಲೋಮೀಟರಿನ ಹೆದ್ದಾರಿ ಅದು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆವರೆಗಿನ ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಆದರೆ ಆ ರಸ್ತೆ ಮಾಡಿದ ಉದ್ದೇಶವೇ ಬೇರೆ. ತುಮಕೂರು ಕಡೆಯಿಂದ ಹೊಸೂರಿಗೋ ಚೆನ್ನೈಗೋ ಹೋಗುವ ಲಾರಿಗಳು ಬೆಂಗಳೂರಿನ ಒಳಗೆ ನುಗ್ಗದಿರಲಿ ಎಂದು ಮಾಡಿದ್ದು. ನಿಮ್ಮನ್ನು ದಿನಾ ಆಫೀಸಿಗೆ ತಲುಪಿಸುವುದು ಅದರ ಕೆಲಸವಲ್ಲ.

ಇನ್ನು ಮೆಟ್ರೊ. ನೇರಳೆ ಮಾರ್ಗದ ಪೂರ್ವದ ಕೊನೆ ವೈಟ್‌ಫೀಲ್ಡ್, ಅಂದರೆ ಕಾಡುಗೋಡಿ. ಚಲ್ಲಘಟ್ಟದಿಂದ ಅಲ್ಲಿವರೆಗೆ ಪೂರ್ತಿ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಓಡಲು ಶುರುವಾಯಿತು. ಅಲ್ಲಿಂದ ಹೊಸಕೋಟೆಗೆ ಮುಂದುವರಿಸಬೇಕು ಎಂಬ ಮಾತು ಆಗಾಗ ಬರುತ್ತಲೇ ಇದೆ. ಮಾತಿನಿಂದ ರೈಲಿನವರೆಗೆ ಎಷ್ಟು ಮೆಟ್ಟಿಲು ಇವೆ ಗೊತ್ತಾ? ಮೊದಲು ಸಾಧ್ಯವೇ ಎಂಬ ವರದಿ. ಆಮೇಲೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ. ರಾಜ್ಯ ಸಂಪುಟದ ಒಪ್ಪಿಗೆ. ಕೇಂದ್ರದ ಒಪ್ಪಿಗೆ. ಸಾಲ. ಭೂಸ್ವಾಧೀನ, ಟೆಂಡರ್, ಕಾಮಗಾರಿ. ಬೋಗಿ ತರಿಸುವುದು. ಕೊನೆಗೆ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆ.

ನಿಮ್ಮ ಆಫೀಸಿನ ಹತ್ತಿರವೇ ಓಡುವ ಹಳದಿ ಮಾರ್ಗವನ್ನು ತಗೊಳ್ಳಿ. ಅದು ಇರುವ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರ ಆರಂಭದಲ್ಲಿ. ಜನ ಹತ್ತಿದ್ದು 2025ರ ಆಗಸ್ಟ್‌ನಲ್ಲಿ. 19 ಕಿಲೋಮೀಟರಿಗೆ 11 ವರ್ಷ. ಕಂಬ, ಹಳಿ, ಸ್ಟೇಷನ್ ಎಲ್ಲ ಎದ್ದು ನಿಂತ ಮೇಲೂ ಬೋಗಿ ಬಂದಿರಲಿಲ್ಲ. ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೆ ಒಂದು. ಆ 11 ವರ್ಷದ ಲೆಕ್ಕವೂ ಕೇಂದ್ರ ಒಪ್ಪಿದ ಮೇಲಿನದು. ನಿಮ್ಮ ಬ್ರೋಕರ್ ಹೇಳುತ್ತಿರುವ ಮೆಟ್ರೊ ಆ ಮೆಟ್ಟಿಲಿನ ಹತ್ತಿರಕ್ಕೂ ಬಂದಿಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರು ಸುತ್ತ ಜಮೀನಿಗೆ ಬೆಲೆ ಏರುವುದು ಘೋಷಣೆ ಆದ ದಿನ. ಒಮ್ಮೊಮ್ಮೆ ಘೋಷಣೆಯೂ ಬೇಕಿಲ್ಲ, ಯಾರೋ ಮಂತ್ರಿ ಮಾತಾಡಿದರೆ ಸಾಕು. ರೈಲೋ ನೀರೋ ಬರುವುದು ಹತ್ತು ಹದಿನೈದು ವರ್ಷದ ಮೇಲೆ. ಈ ನಡುವಿನ ವರ್ಷಗಳ ಖರ್ಚನ್ನು ಯಾರೋ ಒಬ್ಬರು ಹೊರಬೇಕಲ್ಲ. ಸೈಟು ಮಾರಿದವರು ದುಡ್ಡು ಎಣಿಸಿಕೊಂಡು ಮುಂದಿನ ಹಳ್ಳಿಗೆ ಹೋಗಿರುತ್ತಾರೆ. ಸರ್ಕಾರಕ್ಕೆ ನೋಂದಣಿ ಶುಲ್ಕ ಬಂದಿರುತ್ತದೆ. ಉಳಿದವರು ಮನೆ ಕಟ್ಟಿಕೊಂಡವರು. ಅವರೇ ಬೋರ್‌ವೆಲ್ ತೋಡಿಸುತ್ತಾರೆ, ಟ್ಯಾಂಕರ್ ತರಿಸುತ್ತಾರೆ, ಎರಡು ಬೈಕು ಒಂದು ಕಾರು ಇಟ್ಟುಕೊಳ್ಳುತ್ತಾರೆ, ದಿನಕ್ಕೆ ಮೂರ್ನಾಲ್ಕು ಗಂಟೆ ರಸ್ತೆಯಲ್ಲಿ ಕಳೆಯುತ್ತಾರೆ. ಪ್ರಾದೇಶಿಕ ಯೋಜನೆ ಎಂದು ನಾವು ದೊಡ್ಡ ಹೆಸರಿಟ್ಟು ಕರೆಯುವ ಕೆಲಸದ ಅರ್ಧ ಪಾಲು ಇರುವುದು ಈ ನಡುವಿನ ವರ್ಷಗಳನ್ನು ಕಡಿಮೆ ಮಾಡುವುದರಲ್ಲಿ. ನಮ್ಮಲ್ಲಿ ಆ ಕೆಲಸವನ್ನು ಯಾರಿಗೂ ವಹಿಸಿಲ್ಲ.

ನೀರನ್ನೇ ನೋಡಿ. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಚಾಲೂ ಆದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. ಅದೇ 2024ರ ಬೇಸಿಗೆಯಲ್ಲಿ ಊರ ಅಂಚಿನ ಅಪಾರ್ಟ್‌ಮೆಂಟುಗಳಲ್ಲಿ ಜನ ಟ್ಯಾಂಕರಿಗೆ ಕಾದು ಕೂತಿದ್ದು ನಿಮಗೂ ನೆನಪಿರಬೇಕು. ಅವು ನಗರದ ಒಳಗಿನ ಹಳ್ಳಿಗಳು. ಸೂಲಿಬೆಲೆ ಆ ಲೆಕ್ಕದಲ್ಲೇ ಇಲ್ಲ.

ಘೋಷಣೆಯಿಂದ ಪೆಟ್ಟು ತಿಂದವರಲ್ಲಿ ಸೈಟು ಕೊಂಡವರಷ್ಟೇ ಇಲ್ಲ, ರೈತರೂ ಇದ್ದಾರೆ. ಪೆರಿಫೆರಲ್ ರಿಂಗ್ ರಸ್ತೆಗೆ 2005-07ರ ಹೊತ್ತಿಗೇ ಅಧಿಸೂಚನೆ ಆಯಿತು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಸುಮಾರು 73 ಕಿಲೋಮೀಟರ್. ಹೆಸರು ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಬದಲಾಗಿದೆ. ಆ ಗೆರೆಯ ಮೇಲೆ ಜಮೀನು ಇದ್ದವರು ಅತ್ತ ಮನೆ ಕಟ್ಟುವಂತಿಲ್ಲ, ಇತ್ತ ಒಳ್ಳೆಯ ಬೆಲೆಗೆ ಮಾರುವಂತಿಲ್ಲ. ಹಾಗೇ ಒಂದು ತಲೆಮಾರು ಕಳೆದುಹೋಯಿತು.

ಹಿಂದೆ ಹೀಗಿರಲಿಲ್ಲವಾ ಎಂದರೆ, ಸ್ವಲ್ಪ ಮಟ್ಟಿಗೆ ಇರಲಿಲ್ಲ. ಟೆಲಿಫೋನ್ ಕಾರ್ಖಾನೆ ಐಟಿಐ ಬಂದಾಗ ದೂರವಾಣಿನಗರವೂ ಬಂತು. ಬಿಇಎಲ್, ಎಚ್‌ಎಂಟಿ ಬಂದಾಗ ಜಾಲಹಳ್ಳಿಯಲ್ಲಿ ಕಾಲೊನಿ, ಶಾಲೆ, ಆಸ್ಪತ್ರೆ ಬಂದವು. ಕ್ವಾರ್ಟರ್ಸ್ ಸಿಗದವರಿಗೆ ಕಂಪನಿ ಬಸ್ಸು. ಎಲ್ಲರಿಗೂ ಸಿಗಲಿಲ್ಲ, ಗುತ್ತಿಗೆ ಕೆಲಸದವರಂತೂ ಹೊರಗೇ ಉಳಿದರು. ಆದರೂ ಕೆಲಸ ಕೊಡುವವರೇ ಕೆಲಸಗಾರ ಎಲ್ಲಿ ಮಲಗುತ್ತಾನೆ ಎಂದು ಯೋಚಿಸುತ್ತಿದ್ದ ಕಾಲ ಅದು.

1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ನಿಗಮ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಭಾಗದಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿತು. ಕಂಪನಿಗಳಿಗೆ ಜಾಗ ಸಿಕ್ಕಿತು. ಕೆಲಸದವರು ಎಲ್ಲಿರಬೇಕು, ಹೇಗೆ ಬರಬೇಕು ಎಂಬುದನ್ನು ಅವರವರಿಗೇ ಬಿಟ್ಟರು. 2010ರ ಜನವರಿಯಲ್ಲಿ ಮೇಲ್ಸೇತುವೆ ಬಂತು, ಟೋಲ್ ಕಟ್ಟಿ ಕಾರಲ್ಲಿ ಹೋಗುವವರಿಗೆ. ರೈಲು ಬಂದದ್ದು 2025ರಲ್ಲಿ. ಅಷ್ಟರಲ್ಲಿ ಹೆಬ್ಬಗೋಡಿ, ಚಂದಾಪುರ, ಬೇಗೂರು ಎಲ್ಲ ತಮಗೆ ತೋಚಿದಂತೆ ಬೆಳೆದಾಗಿತ್ತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯ ಕಥೆಯೂ ಇದೇ. ಮೊದಲು ಟೆಕ್ ಪಾರ್ಕ್, ಆಮೇಲೆ ಟ್ರಾಫಿಕ್ ಜಾಮ್, ಎಲ್ಲದರ ಕೊನೆಗೆ ಮೆಟ್ರೊ ಕಂಬ.

ಒಟ್ಟಿಗೆ ಯೋಚನೆ ಮಾಡೋರು ಯಾರೂ ಇಲ್ವಾ ಎಂದು ಕೇಳಿದಿರಿ. ಕಾಗದದ ಮೇಲೆ ಬೇಕಾದಷ್ಟು ಜನ ಇದ್ದಾರೆ. 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಇದೆ. ಅದಕ್ಕೂ ದೊಡ್ಡ ವ್ಯಾಪ್ತಿಗೆ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎ ಇದೆ, 1985ರ ಕಾಯ್ದೆಯಡಿ ಬಂದದ್ದು. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ರಾಮನಗರ ಎಂದು ನಾವು ಕರೆಯುತ್ತಿದ್ದ ಈಗಿನ ಬೆಂಗಳೂರು ದಕ್ಷಿಣ, ಹೀಗೆ ಮೂರು ಜಿಲ್ಲೆ, ಸುಮಾರು 8 ಸಾವಿರ ಚದರ ಕಿಲೋಮೀಟರ್. ಅದರ ಕೈಕೆಳಗೆ ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಕನಕಪುರಗಳಿಗೆ ಒಂದೊಂದು ಯೋಜನಾ ಪ್ರಾಧಿಕಾರ. ವಿಮಾನ ನಿಲ್ದಾಣದ ಸುತ್ತ ಇನ್ನೊಂದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆ ಬಂದವು. ಕೈಗಾರಿಕೆಗೆ ಜಮೀನು ಹಿಡಿಯುವುದು ಕೆಐಎಡಿಬಿ. ಮೆಟ್ರೊ ಬಿಎಂಆರ್‌ಸಿಎಲ್. ಉಪನಗರ ರೈಲು ಕೆ-ರೈಡ್. ಬಸ್ಸು ಬಿಎಂಟಿಸಿ. ಹೆದ್ದಾರಿ ಕೇಂದ್ರದ್ದು. ನೀರು ಜಲಮಂಡಳಿಯದು. ಖಾತೆ ಪಂಚಾಯಿತಿಯದು. ಇವರೆಲ್ಲರ ಸಾರಿಗೆ ಕೆಲಸವನ್ನು ಜೋಡಿಸಲು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಎಂದು 2022ರಲ್ಲಿ ಮತ್ತೊಂದು ಕಾಯ್ದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು.

ಇಷ್ಟೆಲ್ಲ ಇದ್ದೂ ನಗರದ ಬೆಳವಣಿಗೆಗೆ ಇವತ್ತಿಗೂ ಆಧಾರ ಯಾವುದು ಗೊತ್ತಾ? 2007ರಲ್ಲಿ ಒಪ್ಪಿಗೆಯಾದ, 2015ನೇ ಇಸವಿವರೆಗೆ ಎಂದು ಮಾಡಿದ ಮಾಸ್ಟರ್ ಪ್ಲಾನ್. 2031ರವರೆಗಿನ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು, ರಾಶಿ ಆಕ್ಷೇಪಣೆ ಬಂದವು, ಕೊನೆಗೆ ಸರ್ಕಾರವೇ ಅದನ್ನು ಕೈಬಿಟ್ಟಿತು. 2001ರಲ್ಲಿ 65 ಲಕ್ಷ ಇದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷ ಆಗಿತ್ತು. ಆಮೇಲೆ ಜನಗಣತಿಯೇ ನಡೆಯದೆ ಹತ್ತು ವರ್ಷಕ್ಕೂ ಜಾಸ್ತಿ ಕಳೆಯಿತು. ಹಳೆಯ ತಲೆ ಎಣಿಕೆ, ಹಳೆಯ ನಕ್ಷೆ ಹಿಡಿದುಕೊಂಡು ಹೊಸ ಊರು ಕಟ್ಟುತ್ತಿದ್ದೇವೆ.

ನನ್ನ ಅಭಿಪ್ರಾಯ ಕೇಳಿದರೆ, ಬೆಂಗಳೂರಿಗೆ ನಕ್ಷೆಯ ಕೊರತೆ ದೊಡ್ಡದಲ್ಲ. ನಕ್ಷೆ ಬರೆಯುವವರ ಕೈಯಲ್ಲಿ ದುಡ್ಡಿಲ್ಲ, ದುಡ್ಡು ಖರ್ಚು ಮಾಡುವವರು ನಕ್ಷೆ ನೋಡುವುದಿಲ್ಲ. ತೊಂದರೆ ಅಲ್ಲಿದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಹಿಡಿಯಲು ಕೆಐಎಡಿಬಿ ಹೊರಟಿತು. ರೈತರು ವರ್ಷಗಟ್ಟಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಬಿಡದಿಯಲ್ಲಿ ಟೌನ್‌ಶಿಪ್ ಮಾಡುತ್ತೇವೆ ಎಂಬ ಮಾತು 2006ರ ಸುಮಾರಿನದು. ಆಗ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಹೆಸರು ಹೇಳಿದ್ದರು. ಯಾವುದೂ ಮೇಲೇಳಲಿಲ್ಲ. ಈಗ ಬಿಡದಿ ಮತ್ತೆ ಬಂದಿದೆ, ಸುಮಾರು 9 ಸಾವಿರ ಎಕರೆಯ ಮಾತು, ಭೈರಮಂಗಲದ ಸುತ್ತ ಮತ್ತೆ ಪ್ರತಿಭಟನೆ. ನಂದಗುಡಿ ನಿಮ್ಮ ಸೂಲಿಬೆಲೆಯ ಹಾಗೇ ಹೊಸಕೋಟೆ ತಾಲ್ಲೂಕಿನದು ಎಂಬುದನ್ನು ಗಮನಿಸಿ. ಆ ಕಡೆ ಭರವಸೆ ಮಾರಾಟಕ್ಕಿರುವುದು ಇದೇ ಮೊದಲಲ್ಲ.

ಹಾಗಾದರೆ ಹೇಗೆ ಬೆಳೆಯಬೇಕಿತ್ತು? ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ 1947ರಲ್ಲಿ ಒಂದು ಯೋಜನೆ ಮಾಡಿದರು. ನಕ್ಷೆ ನೋಡಿದರೆ ಬಿಡಿಸಿದ ಕೈಯ ಹಾಗಿದೆ. ಅಂಗೈ ಹಳೆಯ ಊರು, ಬೆರಳುಗಳು ಉಪನಗರ ರೈಲಿನ ಮಾರ್ಗಗಳು. ಮನೆ, ಆಫೀಸು ಎಲ್ಲ ಬೆರಳಿನ ಮೇಲೆ. ಬೆರಳ ಸಂದಿಯಲ್ಲಿ ಹೊಲ, ಕಾಡು ಹಾಗೇ ಉಳಿಯಬೇಕು. ಆ ಯೋಜನೆಯ ಈಗಿನ ನಿಯಮದಲ್ಲಿ ದೊಡ್ಡ ಆಫೀಸು ಕಟ್ಟುವವರು ಸ್ಟೇಷನ್ನಿನಿಂದ 600 ಮೀಟರ್ ಒಳಗೇ ಕಟ್ಟಬೇಕು. ಅದು ಸಣ್ಣ ಊರು, ಶ್ರೀಮಂತ ದೇಶ. ನಾವು ಅದನ್ನೇ ನಕಲು ಮಾಡಲಾಗುವುದಿಲ್ಲ. ಆದರೆ ಒಂದು ತಮಾಷೆ ನೋಡಿ. ಬೆರಳುಗಳು ನಮ್ಮಲ್ಲೂ ಇವೆ, ಬ್ರಿಟಿಷರ ಕಾಲದಿಂದಲೇ ಬಹುಪಾಲು ಇವೆ. ಮೈಸೂರು ಕಡೆಗೆ ಕೆಂಗೇರಿ, ಬಿಡದಿ, ರಾಮನಗರ. ವಾಯವ್ಯಕ್ಕೆ ತುಮಕೂರು. ಪಶ್ಚಿಮಕ್ಕೆ ನೆಲಮಂಗಲದ ಮೇಲೆ ಹಾಸನ. ಯಲಹಂಕದಲ್ಲಿ ಕವಲೊಡೆದು ಒಂದು ದೊಡ್ಡಬಳ್ಳಾಪುರಕ್ಕೆ, ಇನ್ನೊಂದು ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ. ಪೂರ್ವಕ್ಕೆ ವೈಟ್‌ಫೀಲ್ಡ್, ಮಾಲೂರು, ಬಂಗಾರಪೇಟೆ. ದಕ್ಷಿಣಕ್ಕೆ ಹೀಲಲಿಗೆ, ಆನೇಕಲ್, ಹೊಸೂರು. ಇಷ್ಟು ರೈಲು ಹಳಿ ಇಟ್ಟುಕೊಂಡು ನಾವು ಉಂಗುರದ ಮೇಲೆ ಉಂಗುರ ತೊಡಿಸುತ್ತಾ ಹೋದೆವು. ಒಳವರ್ತುಲ, ಹೊರವರ್ತುಲ, ನೈಸ್, ಪೆರಿಫೆರಲ್, ಸ್ಯಾಟಲೈಟ್. ವರ್ತುಲ ರಸ್ತೆ ಹಾಕಿದ ಕಡೆ ಊರು ಎಲ್ಲ ದಿಕ್ಕಿಗೂ ಹರಡುತ್ತದೆ. ಹಾಗೆ ಹರಡಿದ ಊರಿಗೆ ಆಮೇಲೆ ಯಾವ ರೈಲು ಹಾಕಿದರೂ ಅರ್ಧ ಜನಕ್ಕೆ ದೂರವೇ.

ಹೊಸಕೋಟೆ ಪಟ್ಟಣಕ್ಕೆ ರೈಲು ಹಳಿಯೇ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಮಾಲೂರಿಗೆ ಇದೆ.

ರೈಲು ಇದ್ದರೆ ಏನಾಗುತ್ತದೆ ಎಂದು ನೋಡಬೇಕಾದರೆ ಕೆಜಿಎಫ್ ನೋಡಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಆದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹಳಿ ಇತ್ತು. ಅವತ್ತಿನಿಂದ ಸಾವಿರಾರು ಜನ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿಗೆ ಬಂದು ದುಡಿದು ರಾತ್ರಿ ವಾಪಸ್ಸು ಹೋಗುತ್ತಾರೆ. ಒಂದು ಕಡೆಗೆ ಹತ್ತಿರ ಹತ್ತಿರ ತೊಂಬತ್ತು ಕಿಲೋಮೀಟರ್. ಯಾವ ಯೋಜನೆಯೂ ಕೆಜಿಎಫ್ ಅನ್ನು ಬೆಂಗಳೂರಿನ ಉಪನಗರ ಎಂದು ಬರೆದಿರಲಿಲ್ಲ. ಅದು ಇರುವುದು ಕೋಲಾರ ಜಿಲ್ಲೆಯಲ್ಲಿ, ಬಿಎಂಆರ್‌ಡಿಎ ಗಡಿಯ ಆಚೆ. ಸೀಸನ್ ಪಾಸು ಅಗ್ಗ ಇತ್ತು, ರೈಲು ಇತ್ತು, ಜನ ದಾರಿ ಮಾಡಿಕೊಂಡರು. ಆರಾಮದ ಬದುಕು ಎಂದು ಹೇಳುತ್ತಿಲ್ಲ. ನಿದ್ದೆ, ಸಂಸಾರ ಎರಡೂ ರೈಲಿನಲ್ಲೇ ಎನ್ನುವವರಿದ್ದಾರೆ. ಆದರೂ ಸ್ವಂತ ಊರು, ಇದ್ದ ಮನೆ ಬಿಡದೆ ಬದುಕಲು ಅವರಿಗೆ ಆಗಿದ್ದು ಆ ಹಳಿಯಿಂದ.

ಗಡಿಯ ಮಾತು ಬಂತು. ಬೆಂಗಳೂರಿನ ಕೆಲಸದ ಊರು ಮೂರು ಜಿಲ್ಲೆಗೆ ಯಾವತ್ತೋ ಹಿಡಿಸದೆ ಹೋಗಿದೆ. ನರಸಾಪುರ, ವೇಮಗಲ್ ಕೋಲಾರದವು. ವಸಂತನರಸಾಪುರ ತುಮಕೂರಿನದು. ಹೊಸೂರಂತೂ ತಮಿಳುನಾಡು. ಬೊಮ್ಮಸಂದ್ರದ ಕಾರ್ಖಾನೆಗೆ ಹೊಸೂರಿನಿಂದ ಬರುವವರಿದ್ದಾರೆ, ಅತ್ತಿಬೆಲೆಯಿಂದ ಹೊಸೂರಿಗೆ ಹೋಗುವವರೂ ಇದ್ದಾರೆ. ಇವರ ಬಸ್ಸು ರೈಲಿನ ವಿಚಾರವನ್ನು ಕೂತು ಮಾತಾಡುವ ಒಂದು ಮೇಜು ಇಲ್ಲ.

ಉಪನಗರ ರೈಲಿನ ಕಥೆ ನಿಮಗೆ ಗೊತ್ತಿರುತ್ತದೆ. 1980ರ ದಶಕದಿಂದ ಮಾತು. 2020ರಲ್ಲಿ ಕೇಂದ್ರದ ಒಪ್ಪಿಗೆ, 2022ರ ಜೂನ್‌ನಲ್ಲಿ ಅಡಿಗಲ್ಲು, 40 ತಿಂಗಳಲ್ಲಿ ಮುಗಿಸುವ ಭರವಸೆ. ಆ 40 ತಿಂಗಳು ಮುಗಿದಾಗ ಒಂದು ಮಾರ್ಗವೂ ತೆರೆದಿರಲಿಲ್ಲ. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರು ಮಾತ್ರ ಬಲು ಚೆನ್ನಾಗಿ ಇಟ್ಟಿದ್ದಾರೆ. ಈ ನಾಲ್ಕೂ ಮಾರ್ಗ ನಿಲ್ಲುವುದು ದೇವನಹಳ್ಳಿ, ಚಿಕ್ಕಬಾಣಾವರ, ಕೆಂಗೇರಿ, ವೈಟ್‌ಫೀಲ್ಡ್, ಹೀಲಲಿಗೆ, ರಾಜಾನುಕುಂಟೆಯಲ್ಲಿ. ರಾಮನಗರ, ಮಾಲೂರು, ದೊಡ್ಡಬಳ್ಳಾಪುರಗಳಂಥ ನಿಜವಾದ ಪಟ್ಟಣಗಳು ಇದರಲ್ಲಿ ಇಲ್ಲ. ನನಗೆ ಬಿಟ್ಟರೆ ಮೆಟ್ರೊವನ್ನು ಇನ್ನಷ್ಟು ದೂರ ಎಳೆಯುವ ಮೊದಲು ಇದ್ದ ಹಳಿಗೆ ಇನ್ನೊಂದು ಜೋಡಿ ಹಳಿ ಸೇರಿಸಿ, ಈ ಪಟ್ಟಣಗಳಿಗೆ ಬೆಳಿಗ್ಗೆ ಸಂಜೆ ಹತ್ತಿಪ್ಪತ್ತು ನಿಮಿಷಕ್ಕೊಂದು ರೈಲು ಓಡಿಸುತ್ತಿದ್ದೆ. ಮೆಟ್ರೊ ಊರೊಳಗಿನ ಓಡಾಟಕ್ಕೆ ಸರಿ. 40 ಕಿಲೋಮೀಟರ್ ಆಚೆಯ ಊರಿಗೆ ಅದು ದುಬಾರಿ, ನಿಧಾನ ಕೂಡ. 2025ರ ಫೆಬ್ರುವರಿಯಲ್ಲಿ ದರ ಏರಿದಾಗ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕಾರ್ಡಿನ ರಿಯಾಯಿತಿ ಬಿಟ್ಟು ಲೆಕ್ಕ ಹಾಕಿದರೆ 90 ರೂಪಾಯಿಯಂತೆ ತಿಂಗಳಿಗೆ 25 ದಿನ ಹೋಗಿ ಬರಲು ಒಬ್ಬರಿಗೆ 4,500. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ ಇದು ಆಗುವ ಮಾತಾ?

ಬಸ್ಸಿನ ಬಗ್ಗೆ ಯಾರೂ ಉದ್ಘಾಟನೆಯ ಭಾಷಣ ಮಾಡುವುದಿಲ್ಲ, ಅದಕ್ಕೇ ಅದು ಹಿಂದೆ ಬೀಳುತ್ತದೆ. ಮೆಟ್ರೊಗಿಂತ ಹಲವು ಪಟ್ಟು ಜಾಸ್ತಿ ಜನ ಇವತ್ತಿಗೂ ಓಡಾಡುವುದು ಬಿಎಂಟಿಸಿಯಲ್ಲೇ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಅಲ್ಲಿಗೆ ಮೊದಲ ದಿನದಿಂದ ಇಷ್ಟು ಬಸ್ಸು ಎಂದು ಬರೆದು, ಅದರ ಖರ್ಚಿನ ಒಂದು ಪಾಲನ್ನು ಬಡಾವಣೆ ಮಾಡಿದವರಿಂದ ಮೊದಲ ಐದಾರು ವರ್ಷ ವಸೂಲಿ ಮಾಡಿದರೆ ನಡುವಿನ ಆ ವರ್ಷಗಳ ಕಷ್ಟ ಅರ್ಧ ಇಳಿಯುತ್ತದೆ. ಬಡಾವಣೆಯ ಮಂಜೂರಾತಿ ಜೊತೆ ಮೆಟ್ರೊ, ವರ್ತುಲ ರಸ್ತೆಗೆಂದು ಸೆಸ್ ಕಟ್ಟಿಸಿಕೊಳ್ಳಲು ನಮ್ಮ ಕಾನೂನಿನಲ್ಲಿ ಈಗಾಗಲೇ ಅವಕಾಶ ಇದೆ. ಬಸ್ಸಿಗೂ ಮಾಡಬಹುದು.

ಏರಿದ ಬೆಲೆಯಲ್ಲಿ ಪಾಲು ಕೇಳುವುದೂ ಹೊಸದಲ್ಲ. ಹಾಂಗ್‌ಕಾಂಗ್‌ನಲ್ಲಿ ಸ್ಟೇಷನ್ ಸುತ್ತಲಿನ ಜಾಗ ಕಟ್ಟುವ ಹಕ್ಕನ್ನು ರೈಲು ಬರುವ ಮೊದಲಿನ ಬೆಲೆಗೆ ರೈಲು ಕಂಪನಿಗೇ ಕೊಡುತ್ತಾರೆ. ಅದು ಬಿಲ್ಡರ್‌ಗಳ ಜೊತೆ ಸೇರಿ ಕಟ್ಟಿ ಮಾರಿ, ಬಂದ ಲಾಭವನ್ನು ಹಳಿಗೆ ಹಾಕುತ್ತದೆ. ನಮ್ಮಲ್ಲಿ ಆ ಲಾಭ ಮೊದಲೇ ಜಮೀನು ಕೊಂಡಿಟ್ಟವರ ಜೇಬಿಗೆ ಹೋಗುತ್ತದೆ, ಸಾಲ ಟಿಕೆಟ್ ಕೊಂಡವರ ತಲೆಗೆ ಬರುತ್ತದೆ.

ಇನ್ನು ಮನೆ. ನಮ್ಮ ಯೋಜನೆಗಳಲ್ಲಿ ಮನೆ ಅಂದರೆ ಸೈಟು, ಇಲ್ಲವೇ ಫ್ಲ್ಯಾಟು. ಬಾಡಿಗೆ ರೂಮು ಎಂಬುದು ಲೆಕ್ಕಕ್ಕೇ ಇಲ್ಲ. ಆದರೆ ನಿಮ್ಮ ಆಫೀಸಿನ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಹೆಬ್ಬಗೋಡಿ, ಚಂದಾಪುರದ ಒಳರಸ್ತೆಗಳಲ್ಲಿ ಒಂದೇ ಸೈಟಿನಲ್ಲಿ ಸಾಲು ರೂಮು, ಮೇಲೆ ಶೀಟು, ಎಲ್ಲರಿಗೂ ಸೇರಿ ಒಂದೆರಡು ಶೌಚಾಲಯ. ಕಾರ್ಖಾನೆಯವರು, ಸೆಕ್ಯುರಿಟಿಯವರು, ಮನೆಗೆಲಸದವರು ಇರುವುದು ಅಲ್ಲೇ. ಬೆಂಗಳೂರಿನ ಅಗ್ಗದ ಮನೆಗಳನ್ನು ಕಟ್ಟಿದವರು ಸರ್ಕಾರಕ್ಕಿಂತ ಜಾಸ್ತಿ ಹಳ್ಳಿಯ ಹಳೆಯ ಜಮೀನುದಾರರೇ. ಅವರನ್ನು ಬಯ್ಯುವುದು ಸುಲಭ, ಅವರಿಲ್ಲದಿದ್ದರೆ ಊರು ನಡೆಯುತ್ತಿರಲಿಲ್ಲ. ಮೆಟ್ರೊ ಬಂದ ಮೇಲೆ ಏನಾಗುತ್ತದೆ? ಅದೇ ಸೈಟಿನಲ್ಲಿ ಪಿಜಿ ಏಳುತ್ತದೆ, ರೂಮಿನವರು ಇನ್ನೊಂದು ಹಳ್ಳಿ ಒಳಕ್ಕೆ ಸರಿಯುತ್ತಾರೆ. ಸ್ಟೇಷನ್ ಹತ್ತಿರ ಎತ್ತರಕ್ಕೆ ಕಟ್ಟಲು ಹೆಚ್ಚುವರಿ ಅವಕಾಶ ಕೊಟ್ಟರೆ ಊರು ಒತ್ತಾಗಿ ಬೆಳೆಯುತ್ತದೆ ಎಂಬ ಮಾತು ನಿಜ. ಆದರೆ ಆ ಎತ್ತರದ ಒಂದು ಪಾಲು ಸಣ್ಣ ಬಾಡಿಗೆ ಮನೆಗೆ ಎಂದು ಕಡ್ಡಾಯ ಮಾಡದೆ ಕೊಟ್ಟರೆ ಬರುವುದು ಎರಡೆರಡು ಕಾರು ನಿಲ್ಲಿಸುವ ದುಬಾರಿ ಫ್ಲ್ಯಾಟುಗಳು. ಅಲ್ಲಿರುವವರು ಮೆಟ್ರೊ ಹತ್ತುವುದೂ ಕಡಿಮೆ. ಹತ್ತುವವರನ್ನು ದೂರ ಓಡಿಸಿ, ಹತ್ತದವರನ್ನು ಹತ್ತಿರ ಕೂರಿಸಿದಂತಾಗುತ್ತದೆ.

ಮತ್ತೆ ನಿಮ್ಮ ವಿಷಯಕ್ಕೆ. ನಿಮ್ಮಿಬ್ಬರ ಕೆಲಸದ ಜಾಗವನ್ನು ಒಂದೇ ದಾರಿ ಸೇರಿಸುತ್ತದೆ, ಅದು ಹಳದಿ ಮಾರ್ಗ. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಮುಂದಿನ ಸ್ಟೇಷನ್ನೇ ಜಯನಗರ. ಹಾಗಾಗಿ ಸದ್ಯಕ್ಕೆ ‘ಹೊಸ ರೋಡ್’ ಎಂಬ ಸ್ಟೇಷನ್ನಿನಿಂದ ಹೆಬ್ಬಗೋಡಿವರೆಗೆ ಎಲ್ಲಾದರೂ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ನೋಡಿ. ಬಾಡಿಗೆ ಒಂದೆರಡು ಸಾವಿರ ಜಾಸ್ತಿ ಆದರೂ ಪೆಟ್ರೋಲು, ಸಮಯ ಸೇರಿಸಿದರೆ ಉಳಿಯುತ್ತದೆ. ಕೊಳ್ಳಲೇಬೇಕು ಎಂದಾದರೆ ಅದೇ ದಕ್ಷಿಣದ ಬೆರಳಿನ ಮೇಲೆ ಹುಡುಕಿ. ಚಂದಾಪುರ, ಹೀಲಲಿಗೆ, ಆನೇಕಲ್ ಕಡೆ. ಸೈಟೇ ಬೇಕು ಎಂದು ಹಟ ಹಿಡಿಯಬೇಡಿ, ಹಳೆಯ ಸಣ್ಣ ಫ್ಲ್ಯಾಟ್ ಆದರೂ ನೋಡಿ. ಈಗ ಇರುವ ಬಸ್ಸು, ಈಗ ಇರುವ ನೀರು ನೋಡಿ ತೀರ್ಮಾನ ಮಾಡಿ. ಮುಂದೆ ಬರುವುದು ಬಂದರೆ ಲಾಭ, ಬರದಿದ್ದರೂ ಸಂಸಾರ ನಡೆಯಬೇಕು.

ಸೂಲಿಬೆಲೆ ಸೈಟನ್ನು ದುಡ್ಡು ಹಾಕಿ ಬಿಡುವುದಕ್ಕೆ ಎಂದು ತಗೊಳ್ಳುವುದಾದರೆ ಅದು ಬೇರೆ ಲೆಕ್ಕ. ಆದರೆ ಪಂಚಾಯಿತಿ ಖಾತೆ ಇದೆ ಎಂಬ ಮಾತಿಗೆ ಮರುಳಾಗಬೇಡಿ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಏನು ಕೊಟ್ಟಿದ್ದಾರೆ ಎಂದು ಕೇಳಿ. ಸಕ್ರಮ ಆಸ್ತಿಗೆ ಕೊಡುವ ನಮೂನೆ 9 ಮತ್ತು 11ಎ ಇದ್ದರೆ ಒಂದು ಮಾತು. 11ಬಿ ಇದ್ದರೆ ಅದು ಮುಖ್ಯವಾಗಿ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ದಾಖಲೆ, ಬಡಾವಣೆ ಸಕ್ರಮ ಆಯಿತು ಎಂದರ್ಥವಲ್ಲ. ಅಂಥ ಸೈಟಿಗೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಜಮೀನು ಭೂ ಪರಿವರ್ತನೆ ಆಗಿದೆಯಾ, ಯೋಜನಾ ಪ್ರಾಧಿಕಾರದವರು ಬಡಾವಣೆ ನಕ್ಷೆಗೆ ಒಪ್ಪಿಗೆ ಕೊಟ್ಟಿದ್ದಾರಾ, ಆ ಜಾಗ ನಕ್ಷೆಯಲ್ಲಿ ಕೃಷಿ ವಲಯದಲ್ಲಿದೆಯಾ ಎಂದು ನೋಡಬೇಕು. ಆ ಭಾಗದಲ್ಲಿ ಹಳ್ಳಿ ಬದಲಾದರೆ ಪ್ರಾಧಿಕಾರವೂ ಬದಲಾಗಬಹುದು, ಬ್ರೋಕರ್ ಹೇಳಿದ ಹೆಸರನ್ನೇ ನಂಬಬೇಡಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಬೇಕು, ಅದರ ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಹಾಕಿದರೆ ಮಂಜೂರಾದ ನಕ್ಷೆ ಸಿಗುತ್ತದೆ. ಯಾವುದಾದರೂ ರಸ್ತೆಗೋ ಕೈಗಾರಿಕೆಗೋ ಅಧಿಸೂಚನೆ ಆಗಿರುವ ಸರ್ವೆ ನಂಬರಾ ಎಂದೂ ವಿಚಾರಿಸಿ. ಇದೆಲ್ಲ ಕೈಗೆ ಬರುವವರೆಗೆ ಅಡ್ವಾನ್ಸ್ ಎಂದು ಒಂದು ರೂಪಾಯಿಯನ್ನೂ ಕೊಡಬೇಡಿ. ಸರ್ವೆ ನಂಬರ್, ಹಳ್ಳಿಯ ಹೆಸರು, ಖಾತೆಯ ನಮೂನೆ ಕಳಿಸಿದರೆ ಯಾವ ಕಚೇರಿಯಲ್ಲಿ ಏನು ಕೇಳಬೇಕು ಎಂದು ಬರೆಯುತ್ತೇನೆ.